ಐವತ್ತೆರಡನೆಯ ಕಿಟ್

ಗುದೈಬಿಯಾದ ಈ ಹಳೇ ಕಟ್ಟಡದಲ್ಲಿ
ಇಸ್ತ್ರಿಯನ್ನೂ ಕೆಟಲನ್ನೂ ಒಟ್ಟಿಗೆ ಹಾಕಿದರೆ
ಬ್ರೇಕರ್ ಬೀಳುತ್ತದೆ.
ಹಾಗಾಗಿ ಗುರುವಾರ ರಾತ್ರಿ ಹನ್ನೊಂದೂವರೆಗೆ
ಬಾಗಿಲ ಹಿಂದೆ ಚೀಟಿ ಅಂಟಿಸಿದೆ:
ಅರ್ಧ ಗಂಟೆ ಯಾರೂ ಏನನ್ನೂ ಕುದಿಸಬೇಡಿ.

ಪದ್ಮನಾಭ ಸುಕ್ಕು ಅಂಗಿ ಹಿಡಿದು ನಿಂತಿದ್ದಾನೆ,
ನೈಟ್ ಡ್ಯೂಟಿಯ ಬಸ್ಸಿಗೆ ಹತ್ತೇ ನಿಮಿಷ.
ಕೋಲ್ಡ್ ಸ್ಟೋರ್ ಮುಚ್ಚಿ ಬಂದ ಹಸನಬ್ಬರು
ಸುಲೈಮಾನಿಗೆ ನೀರು ತುಂಬಿಸಿ, ಚೀಟಿ ಓದಿ,
ಆ ನೀರನ್ನೇ ಕುಡಿದರು.
"ಡೋಲಿಗೂ ಸಾಫ್ಟ್‌ವೇರಾ ಮಾರಾಯ?
ದಫ್ಫಿನ ಚರ್ಮ ಸಡಿಲಾದರೆ ನಾವು
ಬೆಂಕಿಗೆ ಹಿಡಿಯುತ್ತಿದ್ದೆವು. ಬಿಗಿಯಾಗುತ್ತಿತ್ತು.
ಅಷ್ಟೇ ಅಪ್‌ಡೇಟು."

ಇದರ ಚರ್ಮ ರಬ್ಬರು.
ಹೊಡೆದರೆ ಟೈರಿಗೆ ಹೊಡೆದ ಹಾಗೆ ಪಟ್ ಎನ್ನುತ್ತದೆ.
ನಾದವೆಲ್ಲ ವಯರು ಹಿಡಿದು
ಬುತ್ತಿ ಡಬ್ಬಿಯಷ್ಟು ದೊಡ್ಡ ಕರಿ ಪೆಟ್ಟಿಗೆಗೆ ಹೋಗಿ
ನನ್ನ ಎರಡು ಕಿವಿಗೆ ಮಾತ್ರ ಬರುತ್ತದೆ.
ಕೆಳಗಿನ ಮನೆಯವರ ನಿದ್ದೆಗೆಂದು ಹಲಗೆಯಡಿ
ಟೆನಿಸ್ ಚೆಂಡು ಕೊಯ್ದು ಇಟ್ಟಿದ್ದೇನೆ.

ಮಾರಿ ಹೋದವನು ಆರ್ನೆಲ್.
ಜುಫೈರಿನ ಹೋಟೆಲೊಂದರಲ್ಲಿ ವಾರಕ್ಕೆ ಆರು ರಾತ್ರಿ ಬಾರಿಸುತ್ತಿದ್ದ.
ಅಲ್ಲಿಯ ಲಿಫ್ಟು ಕೆಟ್ಟರೆ ಹೋಗುವವನು ನಾನು.
ಪರಿಚಯವಾದದ್ದು ಎರಡು ಮಹಡಿಗಳ ನಡುವೆ,
ಅವನು ಒಳಗೆ, ನಾನು ಮೇಲೆ ಕೀಲಿ ಹಿಡಿದು.
ಗೋಡೆ ಬಡಿಯುತ್ತಿದ್ದ;
ಭಯದಲ್ಲೂ ಎಣಿಕೆ ತಪ್ಪಿರಲಿಲ್ಲ.
ವೀಸಾ ಮುಗಿದು ಹೊರಟಾಗ
ನಲವತ್ತೈದು ದಿನಾರಿಗೆ ಕೊಟ್ಟ. ಕೋಲುಗಳು ಪುಕ್ಕಟೆ.

ಪೆನ್ ಡ್ರೈವ್ ಸಿಕ್ಕಿಸಿ, ಎರಡು ಗುಂಡಿ ಒಟ್ಟಿಗೆ ಅದುಮಿ
ಪವರ್ ಕೊಟ್ಟೆ. ಹಸಿರು ಪರದೆ ಹೇಳಿತು:
ಆರಿಸಬೇಡಿ.
ಇಪ್ಪತ್ತು. ಮೂವತ್ತೊಂದು.
ಹೊಸತರಲ್ಲಿ ಏನು ಹೊಸತು ಎಂದರೆ
ಕಂಪೆನಿಯವರದ್ದು ಒಂದೇ ಸಾಲು:
ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ.
ನನಗೆ ಗೊತ್ತಿದ್ದ ದೋಷವೂ ಒಂದೇ,
ಹೈಹ್ಯಾಟು ಕಾಲೆತ್ತಿದ ಮೇಲೂ
ಅರೆಗಳಿಗೆ ಬಾಯಿ ಮುಚ್ಚಿಯೇ ಇರುತ್ತಿತ್ತು.

ಅರವತ್ತಮೂರಕ್ಕೆ ನಿಂತಿತು.

ನಿಂತ ಲಿಫ್ಟು ನನಗೆ ಗೊತ್ತು.
ಒಳಗಿದ್ದವರಿಗೆ ಹೇಳುವ ಮಾತೂ ಬಾಯಿಪಾಠ:
ಗಾಳಿ ಇದೆ, ಹೆದರಬೇಡಿ, ಬಾಗಿಲಿಗೆ ಕೈ ಹಾಕಬೇಡಿ.
ಇಲ್ಲಿ ಯಾರಿಗೆ ಹೇಳಲಿ?
ಎಸಿ ಗುರ್ರೆಂದು ಎದ್ದಿತು. ದೀಪ ಒಮ್ಮೆ ಮಂಕಾಯಿತು.
ಪದ್ಮನಾಭ ಸುಕ್ಕಿನಲ್ಲೇ ಅಂಗಿ ತೊಟ್ಟು
ಬಾಗಿಲನ್ನು ಕೂಡ ಮೆಲ್ಲಗೆ ಎಳೆದುಕೊಂಡು ಹೋದ.

ಅರವತ್ತನಾಲ್ಕು.
ಆಮೇಲೆ ಒಂದೇ ಓಟ.
ಹೈಹ್ಯಾಟು ಕಾಲಿನ ಜೊತೆಗೇ ಬಾಯಿ ಬಿಟ್ಟಿತು.
ಖುಷಿಗೆ ಕೆಟಲಿನ ಗುಂಡಿ ನಾನೇ ಒತ್ತಿದೆ.

ಮತ್ತೆ ತಿರುಗಿಸುತ್ತಾ ಐವತ್ತೆರಡಕ್ಕೆ ಹೋದರೆ
ಅಲ್ಲಿ ಬರೀ 'ಯೂಸರ್'.
ಮೊದಲು ಅಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರಗಳಿದ್ದವು: ತಾಳ.
ನಮ್ಮ ಮಾತು ಎಷ್ಟು ದೂರ ನಡೆದಿದೆ ನೋಡು ಎಂದು
ವರ್ಷವಿಡೀ ಬೀಗಿದ್ದೆ,
ಹಸನಬ್ಬರನ್ನು ಕರೆದು ಪರದೆ ತೋರಿಸಿದ್ದೆ.

ವಾಯ್ಸ್ ಕಳಿಸಿದೆ: ಆರ್ನೆಲ್, ನಿನ್ನ ತಾಳ ಹೋಯಿತು.
ಅಲ್ಲಿ ಬೆಳಗಿನ ಐದು. ಅವನಿಗೆ ಎಚ್ಚರವಿತ್ತು.
ಇಲ್ಲವಲ್ಲ, ಇಲ್ಲೇ ಮಲಗಿದ್ದಾಳೆ, ಎಂದ.
ಮಗಳ ಹೆಸರು. ನಮ್ಮಲ್ಲಿ ಹಾಗೆಂದರೆ ನಕ್ಷತ್ರ.
ಹುಟ್ಟಿದಳೆಂದು ಫೋನು ಬಂದ ರಾತ್ರಿ ಮಾಡಿದ ಕಿಟ್ ಅದು,
ಏನೇನು ಹಾಕಿದ್ದೆನೋ, ಹೋಗಲಿ ಬಿಡು.

ಸ್ನೇರು ಸಡಿಲ, ಒದ್ದೆ ಚಾದರ ಕಲ್ಲಿಗೆ ಬಡಿದ ಹಾಗೆ.
ಕಿಕ್ಕು ಹೊಟ್ಟೆಯ ಒಳಗಿಂದ.
ಅಷ್ಟು ನನ್ನ ಕೈಕಾಲಿಗೆ ನೆನಪಿದೆ.
ಮೂರನೆಯ ಟಾಮಿನಲ್ಲಿ ಒಂದು ಮರದ ಸದ್ದಿತ್ತು,
ಯಾರೋ ಬೆರಳ ಗೆಣ್ಣಿನಿಂದ ಕದ ತಟ್ಟಿ
ತಟ್ಟಿದ್ದಕ್ಕೆ ನಾಚಿಕೊಂಡ ಹಾಗೆ.
ಆರುನೂರು ಸದ್ದುಗಳಲ್ಲಿ ಅದು ಯಾವುದು?

ಒಂದೊಂದೇ ಕೇಳುತ್ತಾ ಕೂತಿದ್ದೇನೆ.
ಸುಲೈಮಾನಿ ಪೆಡಲಿನ ಪಕ್ಕದಲ್ಲಿ ತಣ್ಣಗಾಯಿತು.
ಮುನ್ನೂರ ಹನ್ನೊಂದಕ್ಕೆ ಹೆಡ್‌ಫೋನಿನ ಒಂದು ಕಿವಿ
ಹಸನಬ್ಬರಿಗೆ ಕೊಟ್ಟು ಕೇಳಿದೆ, ಇದಾ?

ಕಣ್ಣು ಮುಚ್ಚಿ ಕೇಳಿದರು.
ಇದಲ್ಲ, ಎಂದರು,
ಮೊದಲಿನದನ್ನು ಒಮ್ಮೆಯೂ ಕೇಳಿರದವರು.